ನಗೆಪದ್ಯಕ್ಕೆ ಗುರುತು ಹಾಕುವುದು: ಪ್ರಸ್ತಾರದಿಂದ ಎಕ್ಸ್‌ಎಂಎಲ್‌ವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ನಮಗೆ ನೆನಪಾಗುವುದು ತೆಂಗು ಮತ್ತು ಕೊಬ್ಬರಿ. ಕನ್ನಡ ಕಾವ್ಯದ ಕಟ್ಟಡವನ್ನು ಬಿಡಿಸಿ ನೋಡಿದ ಇಬ್ಬರು ದೊಡ್ಡ ವಿದ್ವಾಂಸರು ಹುಟ್ಟಿದ್ದೂ ಇದೇ ಸೀಮೆಯಲ್ಲಿ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದರು. ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದರು. ಮೊದಲನೆಯವರು ಕನ್ನಡ ಛಂದಸ್ಸಿನ ಚರಿತ್ರೆಯನ್ನು ಬರೆದರು. ‘ಇಂಗ್ಲಿಷ್ ಗೀತಗಳು’ ಮೂಲಕ ಹೊಸ ಪದ್ಯರೂಪಗಳನ್ನು ಬಳಕೆಗೆ ತಂದರು. ಎರಡನೆಯವರು ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ರಸ, ಧ್ವನಿ, ಅಲಂಕಾರಗಳ ಶಾಸ್ತ್ರವನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಮಾಡಿದರು.

ಕೆಲವು ವರ್ಷಗಳ ಹಿಂದೆ ಇದೇ ಸೀಮೆಯ ಹಂದನಕೆರೆಯಲ್ಲಿ ಪ್ರೌಢಶಾಲಾ ಮಕ್ಕಳಿಗೆ ‘ಗಣಕದಲ್ಲಿ ಕನ್ನಡ’ ಎಂಬ ವಿಷಯದ ಮೇಲೆ ಮಾತನಾಡುವ ಅವಕಾಶ ನನಗೆ ಸಿಕ್ಕಿತು. ನಾನು ಭೌತವಿಜ್ಞಾನದ ಮೇಷ್ಟ್ರು. ಛಂದಸ್ಸು ನನ್ನ ವೃತ್ತಿಯಲ್ಲ. ಆದರೆ ಪದ್ಯವನ್ನು ಅಳೆಯಬಹುದು ಎಂಬ ಕಾರಣಕ್ಕೆ ಅದರ ಮೇಲೆ ಮೊದಲಿನಿಂದಲೂ ಪ್ರೀತಿ. ಪಾಠಕ್ಕೆಂದು ನಾನೇ ಒಂದು ನಗೆಚೌಪದಿಯನ್ನು ಹೊಸೆದುಕೊಂಡು ಹೋಗಿದ್ದೆ:

ಬಿಸಿಲಲಿ ಬಂದನು ಪೇಟೆಯ ನೆಂಟ
‘ಒಣಗಿದೆ’ ಎಂದನು ‘ನನ್ನೀ ಕಂಠ’
ತಂದರು ಮಡಕೆಯ; ಕೇಳಿದ ‘ನೀರಾ?’
ಹೌದೌದೆಂದರು, ಬಿದ್ದನು ಪೂರಾ!

ಕಾವ್ಯವಾಗಿ ಇದರ ಬೆಲೆ ಹೆಚ್ಚಿಲ್ಲ. ಆದರೆ ಗಣಕಕ್ಕೆ ಪದ್ಯದ ರಚನೆಯನ್ನು ಹೇಗೆ ತಿಳಿಸುವುದು, ಎಷ್ಟರಮಟ್ಟಿಗೆ ತಿಳಿಸಬಹುದು ಎಂಬ ಪ್ರಶ್ನೆಗೆ ಈ ನಾಲ್ಕು ಸಾಲು ಸಾಕು. ಆ ದಿನ ಮಕ್ಕಳು ನಕ್ಕರು. ಆದರೆ ನಾನು ಗುರುತು ಹಾಕಿಕೊಂಡಿದ್ದ ಜಾಗದಲ್ಲಿ ನಗಲಿಲ್ಲ. ಆ ಸಂಗತಿಗೆ ಕೊನೆಯಲ್ಲಿ ಬರುತ್ತೇನೆ.

ಮಾರ್ಕ್‌ಅಪ್ ಭಾಷೆ ಹುಟ್ಟಿದ ಬಗೆ

ಅಚ್ಚುಮೊಳೆಗಳ ಕಾಲದಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಮೊಳೆ ಜೋಡಿಸುವವರಿಗೆ ಸೂಚನೆ ಬರೆಯುತ್ತಿದ್ದರು: ಇದು ದಪ್ಪಕ್ಷರ, ಇಲ್ಲಿ ಜಾಗ ಬಿಡಿ, ಇದನ್ನು ಒಳಕ್ಕೆ ಸರಿಸಿ. ಗಣಕಗಳು ಮುದ್ರಣಕ್ಕೆ ಬಂದಾಗ ಇದೇ ಸೂಚನೆಗಳು ಪಠ್ಯದ ನಡುವೆ ಸಂಕೇತಗಳಾಗಿ ಸೇರಿಕೊಂಡವು. ತೊಂದರೆ ಏನೆಂದರೆ, ಒಂದು ಯಂತ್ರದ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. 1967ರಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನ್ನಿಕ್ಲಿಫ್ ಎಂಬುವರು ಪಠ್ಯದ ವಿಷಯವನ್ನೂ ಅದು ಕಾಣಬೇಕಾದ ರೂಪವನ್ನೂ ಬೇರ್ಪಡಿಸಬೇಕೆಂದು ವಾದಿಸಿದರು. ‘ದಪ್ಪಕ್ಷರ’ ಎಂದು ಬರೆಯುವ ಬದಲು ‘ಶೀರ್ಷಿಕೆ’ ಎಂದು ಬರೆಯಿರಿ. ಅದು ಹೇಗೆ ಕಾಣಬೇಕು ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.

1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಈ ತತ್ತ್ವದ ಮೇಲೆ ಒಂದು ಭಾಷೆಯನ್ನು ಕಟ್ಟಿದರು. ಅದರ ಹೆಸರು ಜಿಎಂಎಲ್. ಮೂವರ ಮನೆತನದ ಹೆಸರುಗಳ ಮೊದಲಕ್ಷರಗಳೂ ಇವೇ. ಅದು ಬೆಳೆದು ಎಸ್‌ಜಿಎಂಎಲ್ ಎಂಬ ಹೆಸರಿನಲ್ಲಿ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮರುವರ್ಷವೇ, 1987ರ ನವೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿ ಸೇರಿದ ಭಾಷಾ ಮತ್ತು ಸಾಹಿತ್ಯ ವಿದ್ವಾಂಸರು ಪ್ರಾಚೀನ ಗ್ರಂಥ, ನಾಟಕ, ನಿಘಂಟು, ಪದ್ಯಗಳನ್ನು ಗಣಕಕ್ಕೆ ಏರಿಸಲು ಸಮಾನ ಪದ್ಧತಿ ಬೇಕೆಂದು ನಿರ್ಧರಿಸಿದರು. ಹೀಗೆ ಹುಟ್ಟಿದ್ದು ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್, ಅಂದರೆ ಟಿಇಐ. ಎಸ್‌ಜಿಎಂಎಲ್‌ನ ಸರಳ ರೂಪವಾದ ಎಕ್ಸ್‌ಎಂಎಲ್ 1998ರ ಫೆಬ್ರವರಿ 10ರಂದು ಹೊರಬಂದಿತು. ಟಿಇಐ ಕೂಡ ಆಮೇಲೆ ಅದಕ್ಕೆ ಹೊಂದಿಕೊಂಡಿತು.

ಟಿಇಐನ ಮಾರ್ಗದರ್ಶಿಯಲ್ಲಿ ಪದ್ಯಕ್ಕೆಂದೇ ಒಂದು ಅಧ್ಯಾಯವಿದೆ. ಪದ್ಯಗುಚ್ಛಕ್ಕೆ ಒಂದು ಟ್ಯಾಗ್, ಸಾಲಿಗೆ ಒಂದು, ಪ್ರಾಸಕ್ಕೆ ಒಂದು, ಯತಿಗೆ ಒಂದು. ಇವುಗಳ ಜೊತೆಗೆ ‘ಮೆಟ್’ ಮತ್ತು ‘ರಿಯಲ್’ ಎಂಬ ಎರಡು ಲಕ್ಷಣಗಳಿವೆ. ಛಂದಸ್ಸಿನ ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲನೆಯದರಲ್ಲಿ ಬರೆಯಬೇಕು. ಈ ಸಾಲಿನಲ್ಲಿ ನಿಜವಾಗಿ ಏನಿದೆ ಎಂಬುದನ್ನು ಎರಡನೆಯದರಲ್ಲಿ. ಪ್ರಯೋಗಶಾಲೆಯಲ್ಲಿ ಸಿದ್ಧಾಂತದ ಬೆಲೆ ಒಂದು ಕಾಲಂನಲ್ಲಿ, ಅಳತೆಯ ಬೆಲೆ ಪಕ್ಕದ ಕಾಲಂನಲ್ಲಿ ಬರೆಸುತ್ತೇವಲ್ಲ, ಹಾಗೆ.

ನಮ್ಮಲ್ಲಿದ್ದ ಹಳೆಯ ಗುರುತುಗಳು

ಕನ್ನಡ ಓದಿದ ಯಾರಿಗೂ ಇದು ಹೊಸದಾಗಿ ಕಾಣಬಾರದು. ಪ್ರೌಢಶಾಲೆಯಲ್ಲಿ ನಾವೆಲ್ಲ ಪದ್ಯದ ಸಾಲಿನ ಮೇಲೆ ಲಘುವಿಗೆ ∪, ಗುರುವಿಗೆ – ಎಂದು ಚಿಹ್ನೆ ಹಾಕಿ, ಗಣ ವಿಂಗಡಿಸಿ, ನಡುವೆ ಗೀಟು ಎಳೆದವರೇ. ಈ ಪ್ರಸ್ತಾರವೂ ಒಂದು ಮಾರ್ಕ್‌ಅಪ್. ಪಠ್ಯದ ಅಕ್ಷರಗಳನ್ನು ಬದಲಿಸದೆ, ಅದರ ರಚನೆಯ ಬಗ್ಗೆ ನಮಗೆ ತಿಳಿದದ್ದನ್ನು ಅದರ ಮೇಲೆ ಬರೆಯುತ್ತೇವೆ. ಹತ್ತನೆಯ ಶತಮಾನದ ಕೊನೆಗೆ ಒಂದನೆಯ ನಾಗವರ್ಮ ‘ಛಂದೋಂಬುಧಿ’ಯನ್ನು ಬರೆದ. ಆ ಗ್ರಂಥವನ್ನು ಕಿಟೆಲ್ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ನಾಡಿನ ಜಯಕೀರ್ತಿ ಸಂಸ್ಕೃತದಲ್ಲಿ ಬರೆದ ‘ಛಂದೋನುಶಾಸನ’ದಲ್ಲಿಯೂ ಕನ್ನಡದ ಪದ್ಯಜಾತಿಗಳಿಗೆ ಪ್ರತ್ಯೇಕ ಭಾಗವಿದೆ.

ಈ ಶಾಸ್ತ್ರದಲ್ಲಿ ಗಣಿತವೂ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ––, ∪∪–, ∪–∪, –∪∪, ∪∪∪∪: ಒಟ್ಟು ಐದು. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಪ್ರತಿಯೊಂದೂ ಹಿಂದಿನ ಎರಡರ ಮೊತ್ತ. ಏಕೆಂದರೆ ಯಾವುದೇ ಗಣ ಲಘುವಿನಿಂದ ಮುಗಿಯಬೇಕು, ಇಲ್ಲವೇ ಗುರುವಿನಿಂದ ಮುಗಿಯಬೇಕು. ಕೊನೆಯದನ್ನು ತೆಗೆದರೆ ಒಂದು ಅಥವಾ ಎರಡು ಮಾತ್ರೆ ಕಡಿಮೆಯ ಗಣ ಉಳಿಯುತ್ತದೆ. ಫಿಬೊನಾಚಿ 1202ರಲ್ಲಿ ಬರೆದ ಸರಣಿ ಇದೇ. ಅದಕ್ಕೂ ಬಹಳ ಮೊದಲೇ ವಿರಹಾಂಕನೂ, 12ನೆಯ ಶತಮಾನದಲ್ಲಿ ಹೇಮಚಂದ್ರನೂ ಛಂದಸ್ಸಿನ ಸಲುವಾಗಿ ಇದನ್ನು ಕಂಡುಕೊಂಡಿದ್ದರು. ಐದರಲ್ಲಿ ∪–∪ ಎಂಬ ಜಗಣ ಕನ್ನಡದ ಮಾತ್ರಾಲಯಕ್ಕೆ ಎಡವುಗಲ್ಲು. ಕವಿಗಳು ಸಾಮಾನ್ಯವಾಗಿ ಅದನ್ನು ದೂರವಿಡುತ್ತಾರೆ. ಉಳಿಯುವುದು ನಾಲ್ಕು.

ಗಣಕಕ್ಕೆ ಕನ್ನಡದ ಅಕ್ಷರ ತಿಳಿದದ್ದು

ಪ್ರಸ್ತಾರ ಇಷ್ಟು ಕ್ರಮಬದ್ಧವಾಗಿದ್ದರೂ ಬಹಳ ಕಾಲ ಗಣಕ ಅದನ್ನು ಮಾಡಲಾರದೆ ಹೋಯಿತು. ಕಾರಣ ಛಂದಸ್ಸಲ್ಲ, ಲಿಪಿ. ಮೊದಮೊದಲ ಕನ್ನಡ ತಂತ್ರಾಂಶಗಳಲ್ಲಿ ಉಳಿಯುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರದ ತುಣುಕುಗಳು. ತಲೆಕಟ್ಟು ಒಂದು ತುಣುಕು, ಒತ್ತು ಇನ್ನೊಂದು, ದೀರ್ಘ ಮತ್ತೊಂದು. ಒಂದು ಸಂಸ್ಥೆಯ ಫಾಂಟಿನಲ್ಲಿ ಬರೆದದ್ದು ಇನ್ನೊಂದು ಫಾಂಟಿನಲ್ಲಿ ಕಲಸುಮೇಲೋಗರವಾಗುತ್ತಿತ್ತು. ಆಕಾರದ ತುಣುಕುಗಳಿಂದ ಲಘು ಗುರು ಹೇಳುವುದೆಂದರೆ, ಕೊಬ್ಬರಿ ಚೂರುಗಳನ್ನು ನೋಡಿ ಮರದ ಎತ್ತರ ಹೇಳಿದಂತೆ.

1991ರಲ್ಲಿ ಭಾರತೀಯ ಲಿಪಿಗಳ ಇಸ್ಕಿ ಮಾನಕವೂ ಯೂನಿಕೋಡಿನ ಮೊದಲ ಆವೃತ್ತಿಯೂ ಬಂದವು. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಕಟ್ಟು ದೊರೆಯಿತು. ಇಲ್ಲಿ ಸಂಕೇತ ಸಿಗುವುದು ಆಕಾರಕ್ಕಲ್ಲ. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತಗಳಿಗೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ ಸಾಮಾನ್ಯ ಬಳಕೆದಾರರಿಗೂ ಇದು ಕೈಗೆಟುಕಿತು. ಈಗ ಲಘು ಗುರು ಹಾಕುವ ತಂತ್ರಾಂಶವನ್ನು ಪದವಿ ವಿದ್ಯಾರ್ಥಿಯೂ ಬರೆಯಬಲ್ಲ: ದೀರ್ಘಸ್ವರ, ಐ ಮತ್ತು ಔ, ಅನುಸ್ವಾರ, ವಿಸರ್ಗ, ವ್ಯಂಜನಾಂತ್ಯ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಉಳಿದದ್ದು ಲಘು. ಒತ್ತಕ್ಷರವಿದ್ದರೂ ಹಿಂದಿನದು ಲಘುವಾಗಿಯೇ ಉಳಿಯುವ ಹಳಗನ್ನಡದ ಶಿಥಿಲದ್ವಿತ್ವವನ್ನು ಮಾತ್ರ ಬೇರೆಯಾಗಿ ಕಲಿಸಬೇಕು.

ಇನ್ನೊಂದು ಸಂತೋಷದ ಸಂಗತಿಯನ್ನು ಶಿಕ್ಷಕರು ಗಮನಿಸಬೇಕು. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ. 1998ರ ಮೊದಲ ಆವೃತ್ತಿಯೇ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪಿತ್ತು. ಆದ್ದರಿಂದ ನಮ್ಮ ಪದ್ಯದ ಮೊದಲ ಸಾಲನ್ನು ಹೀಗೆ ಬರೆಯಬಹುದು:

<ಸಾಲು ನಿಯಮ="4444" ವಾಸ್ತವ="4443">
<ಗಣ>ಬಿಸಿಲಲಿ</ಗಣ> <ಗಣ>ಬಂದನು</ಗಣ> <ಗಣ>ಪೇಟೆಯ</ಗಣ> <ಗಣ>ನೆಂಟ</ಗಣ>
</ಸಾಲು>

ಸಾಲಿನ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಅವಕಾಶ ಶಾಸ್ತ್ರದಲ್ಲಿದೆ. ಆಗ ‘ನೆಂಟ’ನಿಗೂ ನಾಲ್ಕು ಮಾತ್ರೆ. ಆದರೆ ಕಾಗದದ ಮೇಲೆ ಇರುವುದು ಮೂರು. ಎರಡನ್ನೂ ಬರೆದಿಟ್ಟರೆ ಮುಂದೆ ಬರುವವರು ತಾವೇ ತೀರ್ಮಾನಿಸಬಹುದು.

ಅಳತೆ ಹೇಳುವುದೇನು?

ನಾಲ್ಕೂ ಸಾಲಿಗೆ ಹೀಗೆ ಗುರುತು ಹಾಕಿದ ಮೇಲೆ ಎಣಿಕೆ ಗಣಕದ ಕೆಲಸ. ಅಕ್ಷರಗಳು ಕ್ರಮವಾಗಿ 12, 11, 12, 10. ಗುರುಗಳು 3, 4, 4, 6. ಅಕ್ಷರ ಮತ್ತು ಗುರುಗಳ ಸಂಖ್ಯೆಯನ್ನು ಕೂಡಿದರೆ ಮಾತ್ರೆ ಸಿಗುತ್ತದೆ: 15, 15, 16, 16. ಹದಿನಾರು ಗಣಗಳಲ್ಲಿ ಏಳು –∪∪, ನಾಲ್ಕು ––, ಮೂರು ∪∪∪∪, ಎರಡು ಸಾಲಿನ ಕೊನೆಯ ಮೊಟಕು ಗಣಗಳು. ಜಗಣ ಒಂದೂ ಇಲ್ಲ.

ಕೊನೆಯ ಸಾಲಿನಲ್ಲಿ ಅಕ್ಷರ ಅತಿ ಕಡಿಮೆ, ಗುರು ಅತಿ ಹೆಚ್ಚು ಎಂಬುದನ್ನು ಗಮನಿಸಿ. ಕಾಲ ಅಷ್ಟೇ, ಅದನ್ನು ತುಂಬುವ ಅಕ್ಷರಗಳು ಕಡಿಮೆ. ಆದ್ದರಿಂದ ಓದುವಾಗ ನಡೆ ಭಾರವಾಗುತ್ತದೆ. ನೆಂಟ ಬೀಳುವ ಮೊದಲೇ ಪದ್ಯದ ಕಾಲು ನಿಧಾನವಾಗಿದೆ! ನಾನು ಇದನ್ನು ಉದ್ದೇಶಪಟ್ಟು ಮಾಡಿರಲಿಲ್ಲ. ಎಣಿಸಿದ ಮೇಲೆ ಕಂಡಿತು. ಒಂದು ಪದ್ಯದಿಂದ ನಿಯಮ ಕಟ್ಟುವಂತಿಲ್ಲ. ಆದರೆ ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳಂಥ ದೊಡ್ಡ ರಾಶಿಗೆ ಹೀಗೆ ಗುರುತು ಹಾಕಿದರೆ, ನಗೆಯ ಸಾಲು ಬೇರೆ ಸಾಲುಗಳಿಗಿಂತ ಭಾರವೋ ಹಗುರವೋ ಎಂಬುದನ್ನು ಊಹೆಯಿಂದಲ್ಲ, ಎಣಿಕೆಯಿಂದಲೇ ಹೇಳಬಹುದು. ಪಠ್ಯಕ್ಕೆ ಗುರುತು ಹಾಕುವ ಶ್ರಮಕ್ಕೆ ಸಿಗುವ ಕೂಲಿ ಇದು.

ಒಂದರ ಮೇಲೊಂದು ಬೀಳುವ ಕಟ್ಟಡಗಳು

ಕೊನೆಯ ಸಾಲಿಗೆ ಗುರುತು ಹಾಕಲು ಹೋದಾಗ ನಿಜವಾದ ತೊಡಕು ಎದುರಾಗುತ್ತದೆ. ಗಣದ ಪ್ರಕಾರ ಅದು ಹೌದೌ | ದೆಂದರು | ಬಿದ್ದನು | ಪೂರಾ. ಪದದ ಪ್ರಕಾರ ‘ಹೌದೌದು’ ಮತ್ತು ‘ಎಂದರು’. ಗಣದ ಗೀಟು ‘ಹೌದೌದು’ ಎಂಬ ಪದದ ಒಳಗೆ ಬೀಳುತ್ತದೆ. ಇನ್ನೂ ಹತ್ತಿರದಿಂದ ನೋಡಿ: ‘ದೆಂ’ ಎಂಬ ಒಂದೇ ಅಕ್ಷರದಲ್ಲಿ ದಕಾರ ಹಿಂದಿನ ಪದಕ್ಕೆ ಸೇರಿದ್ದು, ಎಕಾರ ಮುಂದಿನ ಪದಕ್ಕೆ ಸೇರಿದ್ದು. ಯೂನಿಕೋಡಿನಲ್ಲಿ ‘ದೆಂ’ ಎಂಬುದು ಮೂರು ಸಂಕೇತಗಳ ಸಾಲು. ಅದರ ನಡುವೆ ಟ್ಯಾಗ್ ತೂರಿಸಿದರೆ ಮೊದಲ ಪದದ ಕೊನೆಯಲ್ಲಿ ಇಲ್ಲದ ಅಕಾರ ಹುಟ್ಟುತ್ತದೆ. ಎರಡನೆಯ ಪದ ಬರಿಯ ಸ್ವರಚಿಹ್ನೆಯಿಂದ ಶುರುವಾಗುತ್ತದೆ. ಸಂಧಿಯಿರುವ ಭಾಷೆಗೆಲ್ಲ ಇದು ಸಹಜವಾದ ಸಂಕಟ.

ಎಕ್ಸ್‌ಎಂಎಲ್‌ನ ನಿಯಮವೋ ಕಟ್ಟುನಿಟ್ಟು. ಒಂದು ಟ್ಯಾಗಿನ ಒಳಗೆ ತೆರೆದದ್ದು ಅದರ ಒಳಗೇ ಮುಚ್ಚಬೇಕು. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ಒಂದು ಡಬ್ಬಿ ಇನ್ನೊಂದರ ಗೋಡೆಯನ್ನು ದಾಟುವಂತಿಲ್ಲ. ಎಸ್‌ಜಿಎಂಎಲ್‌ನಲ್ಲಿ ಒಂದೇ ಪಠ್ಯಕ್ಕೆ ಹಲವು ಕಟ್ಟಡಗಳನ್ನು ಏಕಕಾಲಕ್ಕೆ ಹೇಳುವ ‘ಕಾನ್‌ಕರ್’ ಎಂಬ ಐಚ್ಛಿಕ ಸೌಲಭ್ಯವಿತ್ತು. ಎಕ್ಸ್‌ಎಂಎಲ್ ಸರಳವಾಗುವಾಗ ಅದನ್ನು ಕೈಬಿಟ್ಟರು.

1990ರಲ್ಲಿ ಸ್ಟೀವನ್ ಡಿರೋಸ್, ಡೇವಿಡ್ ಡ್ಯುರಾಂಡ್, ಎಲ್ಲಿ ಮೈಲೋನಾಸ್ ಮತ್ತು ಅಲೆನ್ ರೆನಿಯರ್ ಒಂದು ಹೆಸರಾಂತ ಪ್ರಬಂಧದಲ್ಲಿ, ಪಠ್ಯವೆಂದರೆ ಒಂದರೊಳಗೊಂದು ಕ್ರಮವಾಗಿ ಕುಳಿತ ಘಟಕಗಳ ಶ್ರೇಣಿ ಎಂದು ಪ್ರತಿಪಾದಿಸಿದ್ದರು. ಪದ್ಯ ಆ ಮಾತನ್ನು ಬೇಗನೆ ಪರೀಕ್ಷೆಗೆ ಒಡ್ಡಿತು. ವಾಕ್ಯ ಸಾಲನ್ನು ದಾಟುತ್ತದೆ, ಪದ ಗಣವನ್ನು ದಾಟುತ್ತದೆ, ಮಾತನಾಡುವವನ ಮಾತು ಪದ್ಯವನ್ನೇ ದಾಟುತ್ತದೆ. ಮುಂದೆ ಅದೇ ವಿದ್ವಾಂಸರ ಬಳಗ ತನ್ನ ನಿಲುವನ್ನು ತಿದ್ದಿಕೊಂಡಿತು. ಟಿಇಐ ಕೆಲವು ದಾರಿಗಳನ್ನು ಸೂಚಿಸುತ್ತದೆ. ಒಂದು ಕಟ್ಟಡವನ್ನು ಮುಖ್ಯವೆಂದು ಇಟ್ಟುಕೊಂಡು ಇನ್ನೊಂದರ ಗಡಿಯನ್ನು ಮೈಲಿಗಲ್ಲಿನಂಥ ಖಾಲಿ ಟ್ಯಾಗಿನಿಂದ ತೋರಿಸುವುದು; ಪದವನ್ನು ತುಂಡುಮಾಡಿ ತುಂಡುಗಳನ್ನು ಮತ್ತೆ ಜೋಡಿಸಲು ಸೂಚನೆ ಕೊಡುವುದು; ಅಥವಾ ಪಠ್ಯವನ್ನು ಮುಟ್ಟದೆ ಗುರುತುಗಳನ್ನೆಲ್ಲ ಬೇರೆ ಕಡತದಲ್ಲಿ, ‘ಇಷ್ಟನೆಯ ಅಕ್ಷರದಿಂದ ಇಷ್ಟನೆಯದರವರೆಗೆ’ ಎಂದು ಬರೆಯುವುದು.

ನಗೆಪದ್ಯಕ್ಕೆ ಇದು ಬರಿಯ ತಾಂತ್ರಿಕ ಅಡಚಣೆಯಲ್ಲ. ಅಲ್ಲಿ ನಗೆ ಹುಟ್ಟುವುದೇ ಎರಡು ಕಟ್ಟಡಗಳು ಹೊಂದದ ಜಾಗದಲ್ಲಿ. ‘ನೀರಾ’ ಎಂಬುದನ್ನು ‘ನೀರು’ ಮತ್ತು ಪ್ರಶ್ನೆಯ ‘ಆ’ ಎಂದು ಬಿಡಿಸಿದರೆ ನೆಂಟನ ಅರ್ಥ. ಬಿಡಿಸದೆ ಇಟ್ಟರೆ ತೆಂಗಿನ ಹೊಂಬಾಳೆಯಿಂದ ಇಳಿಸಿದ ಪಾನೀಯ, ಮನೆಯವರ ಅರ್ಥ. ನಮ್ಮ ಅಲಂಕಾರಶಾಸ್ತ್ರ ಇಂಥದನ್ನು ಸಭಂಗ ಶ್ಲೇಷ ಎಂದು ಗುರುತಿಸಿದೆ. 1985ರಲ್ಲಿ ವಿಕ್ಟರ್ ರಾಸ್ಕಿನ್ ತಮ್ಮ ಹಾಸ್ಯಸಿದ್ಧಾಂತದಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: ಒಂದೇ ಪಠ್ಯ ಪರಸ್ಪರ ವಿರುದ್ಧವಾದ ಎರಡು ಸನ್ನಿವೇಶಗಳಿಗೆ ಹೊಂದಬೇಕು. ಎರಡರಲ್ಲಿ ಒಂದನ್ನು ಮಾತ್ರ ಗುರುತಿಸಿದ ಕಡತದಲ್ಲಿ ಪದ್ಯ ಉಳಿಯುತ್ತದೆ, ನಗೆ ಉಳಿಯುವುದಿಲ್ಲ.

ನಗೆಯ ಗುರುತು ಎಲ್ಲಿ?

ಈಗ ಹಂದನಕೆರೆಯ ತರಗತಿಗೆ ಬರುತ್ತೇನೆ. ನಾನು ಸಿದ್ಧಪಡಿಸಿದ್ದ ಕಡತದಲ್ಲಿ <ನಗೆ> ಎಂಬ ಟ್ಯಾಗನ್ನು ‘ಪೂರಾ’ ಪದದ ಸುತ್ತ ಹಾಕಿದ್ದೆ. ನೆಂಟ ಬಿದ್ದಾಗ ತಾನೆ ನಗು ಬರಬೇಕು? ಮೊದಲು ನಗರದ ನನ್ನ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಓದಿದ್ದೆ. ಅವರು ಅಲ್ಲೇ ನಕ್ಕಿದ್ದರು. ಕೆಲವರು ‘ಬಿದ್ದದ್ದೇಕೆ ಸಾರ್?’ ಎಂದು ಕೇಳಿ, ವಿವರಣೆಯಾದ ಮೇಲೆ ನಕ್ಕಿದ್ದರು. ಹಂದನಕೆರೆಯ ಮಕ್ಕಳು ಮೂರನೆಯ ಸಾಲಿನ ‘ನೀರಾ’ ಎಂಬಲ್ಲಿಯೇ ನಕ್ಕುಬಿಟ್ಟರು. ನಾಲ್ಕನೆಯ ಸಾಲು ಅವರ ನಗುವಿನಲ್ಲಿ ಮುಳುಗಿಹೋಯಿತು. ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: ‘ಸಾರ್, ಬೆಳಿಗ್ಗೆ ಇಳಿಸಿದ ನೀರಾ ಕುಡಿದರೆ ಏನೂ ಆಗಲ್ಲ. ಬಿಸಿಲಲ್ಲಿ ಬಂದ ಅಂತ ಮೊದಲೇ ಹೇಳಿದ್ದೀರಲ್ಲ, ಅಷ್ಟು ಹೊತ್ತಿಗೆ ಅದು ಹುಳಿ ಬಂದಿರುತ್ತೆ.’

ಆಕೆಯ ಮಾತು ಸರಿ. ತಾಜಾ ನೀರಾದಲ್ಲಿ ಮದ್ಯವಿರುವುದಿಲ್ಲ. ಅದರ ಸಕ್ಕರೆಯನ್ನು ಯೀಸ್ಟ್ ಹುದುಗಿಸುತ್ತಾ ಹೋದಂತೆ ಅದು ಹೆಂಡವಾಗುತ್ತದೆ, ಬಿಸಿಲಿನ ಕಾವು ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಪ್ರಾಸಕ್ಕೂ ಲಯಕ್ಕೂ ಎಂದು ನಾನು ಹಾಕಿದ್ದ ‘ಬಿಸಿಲಲಿ’ ಎಂಬ ಮೊದಲ ಪದವೇ ಆಕೆಗೆ ನಗೆಯ ಬೀಜವಾಗಿ ಕಂಡಿತ್ತು. ನನ್ನ ಕಡತದಲ್ಲಿ ಆ ಪದಕ್ಕೆ ‘ನಾಲ್ಕು ಲಘು’ ಎಂಬುದರ ಹೊರತು ಯಾವ ಗುರುತೂ ಇರಲಿಲ್ಲ.

ಎರಡು ತರಗತಿಗಳ ಈ ಅನುಭವವನ್ನು ನಾನು ಪ್ರಯೋಗವೆಂದು ಕರೆಯಲಾರೆ. ಆದರೆ ಅದು ನನಗೆ ಒಂದು ತಪ್ಪನ್ನು ತೋರಿಸಿಕೊಟ್ಟಿತು. ‘ಬಿಸಿಲಲಿ’ ನಾಲ್ಕು ಲಘು ಎಂಬುದನ್ನು ಯಾರು ಅಳೆದರೂ ಅಷ್ಟೇ. ನಗೆ ಎಲ್ಲಿದೆ ಎಂಬುದು ಅಂಥ ಅಳತೆಯಲ್ಲ. ಅದು ಒಬ್ಬ ಓದುಗನ ಹೇಳಿಕೆ. ನಾನು ಎರಡನ್ನೂ ಒಂದೇ ಬಗೆಯ ಟ್ಯಾಗಿನಿಂದ, ಒಂದೇ ಕಡತದಲ್ಲಿ, ಹೆಸರು ಹಾಕದೆ ಬರೆದಿದ್ದೆ. ಪ್ರಯೋಗದ ದಾಖಲೆಯಲ್ಲಿ ಮಾಪನವನ್ನೂ ಊಹೆಯನ್ನೂ ಒಂದೇ ಕಾಲಂನಲ್ಲಿ ಬರೆದ ವಿದ್ಯಾರ್ಥಿಗೆ ನಾನು ಅಂಕ ಕಳೆಯುತ್ತೇನೆ. ಇಲ್ಲಿ ನಾನೇ ಹಾಗೆ ಮಾಡಿದ್ದೆ.

ಟಿಇಐ ಇದಕ್ಕೂ ಉಪಾಯ ಇಟ್ಟಿದೆ. ‘ರೆಸ್ಪ್’ ಎಂಬ ಲಕ್ಷಣದಲ್ಲಿ ಈ ಅಭಿಪ್ರಾಯ ಯಾರದು ಎಂದು ಬರೆಯಬೇಕು. ‘ಸರ್ಟ್’ ಎಂಬುದರಲ್ಲಿ ಅದರ ಬಗ್ಗೆ ಎಷ್ಟು ಖಚಿತ ಎಂದು ಬರೆಯಬೇಕು. ಅಳತೆಗೆ ದೋಷಮಿತಿ ಬರೆಯುವ ನಮಗೆ ಇದು ಅಪರಿಚಿತವಲ್ಲ. ಸಾವಿರಾರು ಕನ್ನಡ ಪುಸ್ತಕಗಳು ಗಣಕಕ್ಕೆ ಏರಿವೆ, ಏರುತ್ತಿವೆ. ಇಂದು ಯಂತ್ರಗಳು ಅವುಗಳನ್ನು ಓದಿ ಭಾಷೆ ಕಲಿಯುತ್ತಿವೆ. ಒಬ್ಬ ಮೇಷ್ಟ್ರು ತನಗೆ ನಗು ಬಂದ ಜಾಗವನ್ನು ಪದ್ಯದ ಗುಣವೆಂದೇ ಬರೆದಿಟ್ಟರೆ, ಹಂದನಕೆರೆಯ ಹುಡುಗಿಯ ಓದು ದಾಖಲೆಯಲ್ಲಿ ಇಲ್ಲದಂತಾಗುತ್ತದೆ. ಮುಂದೆ ಅದನ್ನು ಯಾವ ಹುಡುಕಾಟವೂ ಪತ್ತೆಹಚ್ಚಲಾರದು.

ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿಸಿ ನೋಡಬಹುದು. ಗಣಕ ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಸಾಲಿನ ಒಂದು ನಗೆಪದ್ಯವನ್ನು ಮಕ್ಕಳೇ ಕಟ್ಟಲಿ. ಮೊದಲ ಹಾಳೆಯಲ್ಲಿ ಪಠ್ಯ ಮಾತ್ರ ಇರಲಿ. ಎರಡನೆಯದರಲ್ಲಿ ಲಘು, ಗುರು, ಗಣ, ಪ್ರಾಸ. ಇದನ್ನು ಇಬ್ಬರು ಬೇರೆಬೇರೆಯಾಗಿ ಮಾಡಿ ತಾಳೆ ನೋಡಲಿ. ಮೂರನೆಯದರಲ್ಲಿ ಪ್ರತಿಯೊಬ್ಬರೂ ತಮಗೆ ಎಲ್ಲಿ ನಗು ಬಂತು, ಏಕೆ ಬಂತು ಎಂದು ಹೆಸರು ಹಾಕಿ ಬರೆಯಲಿ. ಎರಡನೆಯ ಹಾಳೆಗಳು ಒಂದೇ ಆಗಿರಬೇಕು. ಇಲ್ಲದಿದ್ದರೆ ಯಾರೋ ಎಣಿಕೆ ತಪ್ಪಿದ್ದಾರೆ. ಮೂರನೆಯ ಹಾಳೆಗಳು ಬೇರೆಬೇರೆಯಾಗಿದ್ದರೆ ತಿದ್ದಬೇಡಿ.

ನನ್ನ ಚೌಪದಿಯ ಕಡತದಲ್ಲಿ ಈಗ ನಗೆಯ ಎರಡು ದಾಖಲೆಗಳಿವೆ. ಒಂದು ‘ಪೂರಾ’ದ ಮೇಲೆ: ನಗರದ ಬಿ.ಎಸ್ಸಿ. ತರಗತಿ. ಇನ್ನೊಂದು ‘ಬಿಸಿಲಲಿ’ಯಿಂದ ‘ನೀರಾ’ವರೆಗೆ: ಹಂದನಕೆರೆ, ಪ್ರೌಢಶಾಲೆ.